ಹಿಂದಕ್ಕೆ ಮಾತ್ರ

ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು,
ಬೆನ್ನು ಮುಂದಾಗಿ.
ಡಿ ಹಾಕಿದರೆ ಎಂಜಿನ್ ಅರಚುತ್ತಿತ್ತು, ಗಾಲಿ ಕದಲುತ್ತಿರಲಿಲ್ಲ.
ಆರ್ ಹಾಕಿದರೆ ಮಾತ್ರ
ಸಾಧು ಎತ್ತಿನ ಹಾಗೆ ಹಿಂದಕ್ಕೆ ಸರಿಯುತ್ತಿತ್ತು.
ಎಳೆದೊಯ್ಯುವವನು ಮೂರು ಸಾವಿರ ಕೇಳಿದ್ದ.
ಅಶೋಕಪುರದಿಂದ ಜಬೀವುಲ್ಲಾನ ಗ್ಯಾರೇಜಿಗೆ
ಎರಡೇ ಕಿಲೋಮೀಟರು.
ಹಿಂದಕ್ಕೆ ಹೋದರೂ ಹೋಗುವುದೇ ತಾನೆ
ಅಂದೆ, ತಂಗಿಯ ಮಗ ಸಿದ್ದಪ್ಪಾಜಿಗೆ.

ಅವನು ಟಾರ್ಚು ಹಿಡಿದು ಡಿಕ್ಕಿಯ ಮುಂದೆ ನಡೆದ,
ದಿಬ್ಬಣಕ್ಕೆ ದೀಪ ಹಿಡಿದವನ ಹಾಗೆ.
ಹಾಲಿನ ಕ್ರೇಟು ಇಳಿಸುತ್ತಿದ್ದವನು ನಿಂತು ನೋಡಿ
"ಅಮ್ಮಾ, ಮುಖ ಆ ಕಡೆ ಇದೆ" ಅಂದ.
ಗೊತ್ತಪ್ಪಾ.

ನನ್ನ ಎಡಗಾಲಿನ ಮಂಡಿಯಲ್ಲಿ ಸ್ಟೀಲಿದೆ,
ಕ್ಲಚ್ಚು ಒತ್ತಲು ಆಗದು.
ಅದಕ್ಕೆಂದೇ ನಿವೃತ್ತಿಯ ದುಡ್ಡಿನಲ್ಲಿ ಎರಡೂಮುಕ್ಕಾಲು ಲಕ್ಷ ಕೊಟ್ಟು
ಯಾರೋ ಓಡಿಸಿ ಬಿಟ್ಟ ಆಟೋಮ್ಯಾಟಿಕ್ ತಂದದ್ದು.
ಎಡಗಾಲಿಗೆ ಪಿಂಚಣಿ, ಬಲಗಾಲಿಗೆ ಡ್ಯೂಟಿ
ಎಂದು ಬೀದಿಗೆಲ್ಲ ಹೇಳಿ ನಗುತ್ತಿದ್ದೆ.

ಮಾನಂದವಾಡಿ ರಸ್ತೆಯಲ್ಲಿ
ರೇಷ್ಮೆ ಕಾರ್ಖಾನೆಯ ಗೇಟು
ಬೆನ್ನ ಹಿಂದಿನಿಂದ ಬಂದು, ಪಕ್ಕಕ್ಕೆ ಬಂದು,
ಆಮೇಲೆ ಗಾಜಿನ ತುಂಬ ನಿಂತು
ನಿಧಾನಕ್ಕೆ ಚಿಕ್ಕದಾಯಿತು.
ಇಪ್ಪತ್ತಾರು ವರ್ಷ ಅದು ದಿನಾ ದೊಡ್ಡದಾಗುತ್ತಲೇ ಬಂದಿತ್ತು.
ಚಿಕ್ಕದಾಗುವುದನ್ನು ಕೂತು ನೋಡಿದ್ದು ಇದೇ ಮೊದಲು.

ಎಂಟು ಮಗ್ಗ ಒಟ್ಟಿಗೆ ಕೂಗುವಾಗ
ಐದನೆಯದರಲ್ಲಿ ಎಳೆ ತುಂಡಾದದ್ದು
ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು ನನಗೆ.
ಈ ಕಾರಿನದೂ ಗೊತ್ತಾಗಿತ್ತು, ಯುಗಾದಿಗೆ ಮುಂಚೆಯೇ:
ಎರಡರಿಂದ ಮೂರಕ್ಕೆ ಹೋಗುವಾಗ ಒಂದು ಬಿಕ್ಕಳಿಕೆ,
ಲಾಳಿ ಅಂಚು ತಾಗಿದ ಹಾಗೆ.
ಷೋರೂಮಿನ ಹುಡುಗ ಕಂಪ್ಯೂಟರು ಚುಚ್ಚಿ
"ಏನೂ ತೋರಿಸ್ತಿಲ್ಲ ಮೇಡಂ" ಅಂದ.
ಮೊನ್ನೆ ಅದೇ ಹುಡುಗ ಮನೆಗೇ ಬಂದು ನೋಡಿ
ಒಂದು ಲಕ್ಷದ ತೊಂಬತ್ತೆರಡು ಸಾವಿರ ಎಂದು
ಅಚ್ಚು ಹಾಕಿಸಿ ಕಳಿಸಿದ.
"ಬಾಕ್ಸ್ ನಾವು ಬಿಚ್ಚಲ್ಲ ಮೇಡಂ, ಬದಲಾಯಿಸ್ತೀವಿ."
ಇನ್ಷೂರೆನ್ಸಿನವರು ಅಂದರು, ಸವೆತಕ್ಕೆ ಬರುವುದಿಲ್ಲ.
ಸವೆಯದೆ ಯಾವುದಪ್ಪಾ ಕೆಡುತ್ತದೆ?

ಜಬೀವುಲ್ಲಾ ಅಂಗಾತ ಮಲಗಿ ತಳದ ತಟ್ಟೆ ಬಿಚ್ಚಿದ.
ದಾಳಿಂಬೆ ರಸದ ಬಣ್ಣ ಇರಬೇಕಂತೆ ಎಣ್ಣೆಗೆ;
ಇಳಿದದ್ದು ಸೀದುಹೋದ ಡಿಕಾಕ್ಷನ್ನು.
ತಟ್ಟೆಯ ಆಯಸ್ಕಾಂತಕ್ಕೆ ಮೀಸೆ ಬಂದಿತ್ತು.
ಹುಡಿಯನ್ನು ಬೆರಳಿಗೆ ಒರೆಸಿಕೊಂಡು
"ಇದೇ ನೋಡಿ ನಿಮ್ಮ ಮೂರನೇ ಗೇರು" ಅಂದ.
ಜರಿಯ ಹಾಗೆ ಹೊಳೆಯಿತು.
ಜರಿಯ ರೇಟು ನನಗೆ ಗೊತ್ತು. ಇದು ಅದಕ್ಕೂ ಮೇಲೆ.

ಹತ್ತು ಗಂಟೆಗೆ ಬೆಂಚು ತುಂಬಿತ್ತು.
ಪಾಂಡವಪುರದ ಬೆಲ್ಲದ ಮಂಡಿಯ ದೇವೀರೇಗೌಡರು,
ಎಪ್ಪತ್ತು ಸಾವಿರ ಕಟ್ಟಿ ಎರಡೇ ತಿಂಗಳಿಗೆ ವಾಪಸು ಬಂದವರು.
ಮದುವೆ ಫೋಟೋ ತೆಗೆಯುವ ಎಲ್ವಿನ್,
ಕಾರು ಮಾರಿದರೂ ಕಾರಿನ ಸಾಲ ಮುಗಿಯದವನು.
ಆಸ್ಪತ್ರೆಯ ವರಾಂಡದವರಂತೆ
ಒಬ್ಬರ ಚೀಟಿ ಒಬ್ಬರು ಓದಿಕೊಂಡೆವು,
ಒಬ್ಬರದನ್ನೂ ಕಡಿಮೆ ಅನ್ನಲಿಲ್ಲ.

"ಕೊಯಮತ್ತೂರಿಂದ ಹಳೇ ಬಾಕ್ಸ್ ತರಿಸ್ತೀನಿ ಅಮ್ಮಾ,
ಅರವತ್ತೆಂಟು. ಮೂರು ತಿಂಗಳು ಗ್ಯಾರಂಟಿ."
"ಆಮೇಲೆ?"
"ಆಮೇಲೆ ನಿಮ್ಮ ಕಿವಿ ಇದೆಯಲ್ಲ."

ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಕೈಯ ಬಳೆ ಒಂದು ಸುತ್ತು ತಿರುಗಿಸಿ, ಎದ್ದೆ.

ಮನೆಗೆ ಸಿಟಿ ಬಸ್ಸು. ಮೆಟ್ಟಿಲು ಎತ್ತರ.
ಪಿಂಚಣಿಯ ಕಾಲನ್ನು ಮತ್ತೆ ಕೆಲಸಕ್ಕೆ ಕರೆದೆ, ಗೊಣಗುತ್ತ ಹತ್ತಿತು.
ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೇಟು ಹರಿದು ಕೊಟ್ಟು
"ಮುಂದಕ್ಕೆ ಹೋಗ್ರಮ್ಮಾ, ಮುಂದಕ್ಕೆ" ಅಂದ.
ಬಸ್ಸು ಎರಡರಿಂದ ಮೂರಕ್ಕೆ ಬೀಳುವಾಗ
ಕಂಬಿ ಹಿಡಿದು ಕಿವಿಗೊಟ್ಟೆ.
ಸರಿಯಾಗಿತ್ತು.